ಕಳಿಸಲು ಹಾಕಿದ ಕುರ್ಚಿ

ಕೊಟ್ಟೂರು
೧೨ ಮೇ ೨೦೨೫

ಪ್ರೀತಿಯ ನಾಗರತ್ನಕ್ಕನಿಗೆ,

ನಿನ್ನ ತಮ್ಮ ಹುಲುಗೇಶನ ನಮಸ್ಕಾರ. ನಾನು ಸುಖವಾಗಿದ್ದೇನೆ ಎಂದು ಬರೆಯುವುದು ರೂಢಿ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ, ಜ್ವರವಿಲ್ಲ, ಅಷ್ಟು ನಿಜ. ಉಳಿದದ್ದನ್ನು ಪತ್ರ ಓದಿ ನೀನೇ ತೀರ್ಮಾನಿಸು. ನಿನ್ನ ಮಗನ ಕಿವಿನೋವು ವಾಸಿಯಾಯಿತೆಂದು ಮಾವ ಹೇಳಿದರು, ಸಮಾಧಾನವಾಯಿತು.

ಯುಗಾದಿಗೆ ಮೊದಲೇ ನೀನು ಬೈದು ಕಳಿಸಿದ ಸಂದೇಶಕ್ಕೆ ಇಷ್ಟು ದಿನ ಉತ್ತರ ಕೊಡಲಿಲ್ಲ. ಸಿಟ್ಟಾಗಬೇಡ. ಫೋನು ಮಾಡಬಹುದಿತ್ತು, ಆದರೆ ಹೋದ ಸಲ ಮಾಡಿದಾಗ ನಾನು ಅವ್ವನ ಹಾಗೆಯೇ 'ಉಂಡಿಯೇನವ್ವಾ' ಎಂದು ಕೇಳಿದ ಮೇಲೆ ನೀನು ಬಹಳ ಹೊತ್ತು ಮಾತಾಡಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಅದಕ್ಕೇ ಈ ಕಾಗದ. ಇದರಲ್ಲಿ ನನ್ನ ದನಿ ಇರುವುದಿಲ್ಲ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ, ನಿಧಾನವಾಗಿ ಓದು.

ಹಗರಿಬೊಮ್ಮನಹಳ್ಳಿಯ ಅತ್ತೆ ನಿನಗೆ ಹೇಳಿದ್ದು, ನನ್ನ ಮೈಮೇಲೆ ಅವ್ವ ಬರುತ್ತಾಳೆ ಎಂದು. ಅದು ಸುಳ್ಳು. ಆದರೆ ಏನೂ ನಡೆದಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ನಡೆದದ್ದನ್ನು ಮೊದಲಿಂದ ಬರೆಯುತ್ತೇನೆ.

ಅವ್ವ ತೀರಿಕೊಂಡ ಮಳೆಗಾಲದ ಮೇಲೆ ಅವಳು ಕಟ್ಟಿದ ಹುಣಸೆ ಸಂಘ ಹೇಗಿತ್ತು ಎಂಬುದು ನಿನಗೆ ಗೊತ್ತಿಲ್ಲ. ನೀನು ದಿನ ಮುಗಿಸಿ ಗಂಗಾವತಿಗೆ ಹೋದೆ. ಹಳೇ ಹತ್ತಿ ಗಿರಣಿಯ ಆ ಶೆಡ್ಡು ಹಾಗೇ ನಡೆಯುತ್ತಿತ್ತು. ಕೂಡ್ಲಿಗಿ ಕಡೆಯಿಂದ ಹಣ್ಣು ಬರುತ್ತಿತ್ತು, ಹೆಂಗಸರು ನೆಲದ ಮೇಲೆ ಸುತ್ತಾಗಿ ಕೂತು ಬಡಿದು ಬೀಜ ತೆಗೆಯುತ್ತಿದ್ದರು, ನಾರು ಬಿಡಿಸುತ್ತಿದ್ದರು, ನಾನು ಗಾಡಿಯಲ್ಲಿ ಮೂಟೆ ಒಯ್ಯುತ್ತಿದ್ದೆ. ಗ್ಯಾರೇಜು, ಹೊಸಪೇಟೆಯ ಹೋಟೆಲು, ಹರಪನಹಳ್ಳಿ ಬಸ್ಸಿನ ಕ್ಲೀನರ್ ಕೆಲಸ ಎಲ್ಲ ಬಿಟ್ಟು ಬಂದವನಿಗೆ ಅವ್ವನೇ ಆ ಗಾಡಿ ಕೊಡಿಸಿದ್ದು. ಎಲ್ಲ ನಡೆಯುತ್ತಿತ್ತು, ಆದರೆ ಯಾವುದೂ ತೀರ್ಮಾನವಾಗುತ್ತಿರಲಿಲ್ಲ. ಯಾರನ್ನು ಕೆಲಸಕ್ಕೆ ಸೇರಿಸಬೇಕು, ಒದ್ದೆ ಹಣ್ಣು ವಾಪಸು ಕಳಿಸಬೇಕೋ ಬೇಡವೋ, ಏನು ಕೇಳಿದರೂ ಅವ್ವನ ಹೆಸರೆತ್ತಿ ಒಂದೇ ಮಾತು: 'ಪಂಪಕ್ಕ ಇದ್ದಿದ್ರ ಏನಂತಿದ್ಲೋ.' ಅಲ್ಲಿಗೆ ಮಾತು ನಿಲ್ಲುತ್ತಿತ್ತು.

ಸಂಘದ ಮಾಲು ಕೊಳ್ಳುವ ಕಂಪನಿಯವರು ಉದ್ದನೆಯ ಸ್ಟೀಲ್ ಮೇಜುಗಳನ್ನು ಕಳಿಸಿದ್ದರು. ಇನ್ನು ಮುಂದೆ ನೆಲದ ಮೇಲೆ ಬಿಡಿಸಿದ ಹುಣಸೆ ಬೇಡ, ಮೇಜಿನ ಮೇಲೆ ಬಿಡಿಸಬೇಕು, ಜವಾಬ್ದಾರಿ ಹೊತ್ತು ಮಾತಾಡುವ ಒಬ್ಬ ಅಧ್ಯಕ್ಷೆ ಇರಬೇಕು ಎಂದು ಅವರ ಷರತ್ತು. ಮೇಜುಗಳು ತಾಡಪಾಲಿನ ಕೆಳಗೆ ಅಂಗಳದಲ್ಲೇ ಬಿದ್ದಿದ್ದವು. ಈ ಸುಗ್ಗಿ ಮುಗಿಯುವುದರೊಳಗೆ ಎರಡೂ ಆಗದಿದ್ದರೆ ಅವರು ಬೇರೆ ಕಡೆ ಕೊಳ್ಳುತ್ತಾರೆ, ನಮ್ಮ ಹೆಂಗಸರು ಮತ್ತೆ ಮಂಡಿ ಸಾಹುಕಾರರ ಗೋದಾಮಿಗೆ ಕೂಲಿ ಹೋಗಬೇಕಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಕೂತಿದ್ದರು.

ಆಗ ಬಂದವರು ಸುಮಲತಾ ಮೇಡಂ. ಸಂಘ, ಕಂಪನಿ, ಆಸ್ಪತ್ರೆಗಳಂಥ ಸಂಸ್ಥೆಗಳು ಹೇಗೆ ಬದಲಾಗುತ್ತವೆ, ಯಾಕೆ ಬದಲಾಗುವುದಿಲ್ಲ ಎಂದು ಸಂಶೋಧನೆ ಮಾಡುವುದು, ಬದಲಾಗಲು ಒದ್ದಾಡುವವರ ಜೊತೆ ಕೂತು ದಾರಿ ಹುಡುಕುವುದು ಅವರ ಕೆಲಸ. ಇಂಥದ್ದೊಂದು ಕೆಲಸವಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ದಿನಾ ನಾನೇ ಅವರನ್ನು ರೈಲ್ವೆ ಸ್ಟೇಷನ್ನಿನ ಹತ್ತಿರದ ಲಾಡ್ಜಿನಿಂದ ಕರೆತರುತ್ತಿದ್ದೆ. ಅವರು ಬಂದು ಸಲಹೆ ಕೊಡಲಿಲ್ಲ, ಹೆಂಗಸರ ನಡುವೆ ಕೂತು ಹುಣಸೆ ಬಿಡಿಸುತ್ತ ಕೇಳಿಸಿಕೊಂಡರು. ಕೆಲವು ವಾರಗಳಾದ ಮೇಲೆ ಒಂದು ದಿನ ಗಾಡಿಯಲ್ಲಿ ನನಗೆ ಹೇಳಿದರು, 'ಬದಲಾವಣೆ ಅಂದ್ರೆ ಹೊಸದನ್ನು ತರೋದು ಅಂತ ಎಲ್ಲರೂ ಅಂದ್ಕೋತಾರೆ ಹುಲುಗೇಶ. ಹಳೇದು ಮುಗೀತು ಅಂತ ಬಾಯಿಬಿಟ್ಟು ಹೇಳೋರು ಯಾರೂ ಇರಲ್ಲ. ಅದನ್ನ ಹೇಳದೆ ಇದ್ರೆ ಹೊಸದು ಬಂದು ಬಾಗಿಲಲ್ಲೇ ನಿಂತಿರುತ್ತೆ.' ನಾನು ಅಂಗಳದ ಮೇಜುಗಳನ್ನು ನೆನೆದೆ. ಆಮೇಲೆ ಅವರು ಸ್ವಲ್ಪ ಸಣ್ಣ ದನಿಯಲ್ಲಿ, 'ಬೇಜಾರು ಮಾಡ್ಕೋಬೇಡಿ. ಈ ಸಂಘವನ್ನ ಈಗಲೂ ನಡೆಸ್ತಾ ಇರೋದು ನಿಮ್ಮ ತಾಯಿ' ಎಂದರು. ನನಗೆ ಬೇಜಾರಾಗಲಿಲ್ಲ. ನಿಜ ಇತ್ತು.

ಮರುದಿನ ಎಲ್ಲರನ್ನೂ ಕೂಡಿಸಿ ಒಂದು ಕುರ್ಚಿ ತರಿಸಿದರು. ಅವ್ವ ಕೂರುತ್ತಿದ್ದ ಅದೇ ನೀಲಿ ಪ್ಲಾಸ್ಟಿಕ್ ಕುರ್ಚಿ. 'ಪಂಪಮ್ಮನವರು ಇಲ್ಲಿ ಕೂತಿದ್ದಾರೆ ಅಂತ ಅಂದ್ಕೊಳ್ಳಿ. ಹೇಳಬೇಕು ಅಂತಿದ್ದು ಹೇಳದೇ ಉಳಿದದ್ದನ್ನ ಹೇಳಿ. ಆಮೇಲೆ ಎಲ್ಲರೂ ಸೇರಿ ಅವರನ್ನ ಕಳಿಸಿಕೊಡೋಣ' ಎಂದರು. ಬೇರೆ ಬೇರೆ ಊರುಗಳಲ್ಲಿ, ಸಂಸ್ಥೆ ಕಟ್ಟಿದವರು ಹೋದ ಮೇಲೆ, ಹೀಗೆ ಮಾಡಿಸುತ್ತಾರಂತೆ. ಅಲ್ಲಿ ಜನ ಮಾತಾಡಿ, ಅತ್ತು, ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿ ಹಗುರಾಗುತ್ತಾರಂತೆ.

ಅಕ್ಕಾ, ನಮ್ಮೂರಲ್ಲಿ ಹೋದವರಿಗೆ ಆಸನ ಹಾಕುವುದು ಯಾತಕ್ಕೆ ಎಂದು ನಿನಗೆ ಗೊತ್ತಲ್ಲ. ಗದ್ದುಗೆಯ ನೆರಳಲ್ಲಿ ಬೆಳೆದ ಊರು ಇದು. ಮೇಡಂ ಕುರ್ಚಿ ಹಾಕಿದ್ದು ಕಳಿಸಲಿಕ್ಕೆ, ನಮ್ಮವರು ತಿಳಿದದ್ದು ಕರೆಯಲಿಕ್ಕೆ. ಹೊನ್ನೂರಮ್ಮಜ್ಜಿ ಎದ್ದು ಸೆರಗಿನಿಂದ ಕುರ್ಚಿ ಒರೆಸಿದಳು, ಅವ್ವನ ಸೊಂಟಕ್ಕೆಂದು ಹಾಕುತ್ತಿದ್ದ ಹಾಗೆ ಗೋಣಿಚೀಲ ಮಡಚಿ ಹಾಕಿದಳು. ಆಗಲೇ ನನಗೆ ತಿಳಿಯಬೇಕಿತ್ತು.

ಮೊದಲು ಶಿವಬಸಮ್ಮ ಬಾಯಿಬಿಟ್ಟಳು. 'ಯವ್ವಾ ಪಂಪಕ್ಕ, ಜೀವ ಇದ್ದಾಗ ನಮ್ಮನ್ನ ಒಂದು ಗಳಿಗಿ ಸುಮ್ಮನ ಕುಂಡ್ರಾಕ ಬಿಡಲಿಲ್ಲ. ಈಗ ನೋಡು, ನಿನಗ ಕುರ್ಚಿ, ನಮಗ ನೆಲಾನ.' ಎಲ್ಲರೂ ನಕ್ಕರು. ನಗುತ್ತಲೇ ಅವಳು ಅಳತೊಡಗಿದಳು. 'ಹೋಗಾಕ ನಮ್ಮನ್ನ ಕೇಳಿದ್ದೇನಬೇ? ಎಲ್ಲಾ ನಾನ ಅಂತಿದ್ದಿ, ಅದನ್ನೂ ನೀನ ಮಾಡ್ಕೊಂಡಿ' ಎಂದಳು. ಒಬ್ಬೊಬ್ಬರಾಗಿ ಎಲ್ಲರೂ ಮಾತಾಡಿದರು. ಮೇಡಂ ಕಣ್ಣಲ್ಲೂ ನೀರಿತ್ತು.

ಆಮೇಲೆ ಜಂಬಕ್ಕ ಕೇಳಿದಳು, 'ನಾವ ಮಾತಾಡಿದ್ರ ಹೆಂಗ್ರಿ? ಉತ್ತರ ಕೊಡೋರು ಯಾರು?' ಅವ್ವನ ಪಕ್ಕದಲ್ಲಿ ಕೂತು ಸಂಘದ ಅರ್ಧ ಕೆಲಸ ಹೊತ್ತವಳು ಜಂಬಕ್ಕ, ಸುಮ್ಮನೆ ಕೇಳುವವಳಲ್ಲ. ಬೇಕಾದರೆ ಯಾರಾದರೂ ಕೂತು ಅವರು ಏನನ್ನುತ್ತಿದ್ದರೋ ಹಾಗೆ ಹೇಳಬಹುದು ಎಂದರು ಮೇಡಂ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಾಗಿಲಲ್ಲಿ ಗಾಡಿಯ ಕೀಲಿ ತಿರುಗಿಸುತ್ತ ನಿಂತಿದ್ದೆ. 'ಮೂಗು ಅಕೀದ ಐತಿ, ಬಾರಪ್ಪ, ಕುಂಡ್ರು' ಎಂದಳು ಶಿವಬಸಮ್ಮ.

ನಾನು ತಮಾಷೆಗೆಂದೇ ಕೂತೆ. ಜಂಬಕ್ಕ ತಮಾಷೆ ಮಾಡಲಿಲ್ಲ. ಎದುರಿಗೆ ಬಂದು ಕೂತು, 'ಪಂಪಕ್ಕ, ಮೇಜು ಹಾಕೋದೋ ಬ್ಯಾಡೋ?' ಎಂದಳು.

ಯೋಚಿಸುವ ಮೊದಲೇ ಬಾಯಿಗೆ ಬಂತು. 'ಮೇಜಿಗೂ ಕಾಲದಾವ, ನಿಮಗೂ ಕಾಲದಾವ. ಅವು ತಾವ ಒಳಗ ಬರಂಗಿಲ್ಲ, ನೀವು ಹೋಗಿ ತರಂಗಿಲ್ಲ. ನಾ ಸತ್ತು ಸುಖಪಟ್ಟೆ ನೋಡು.'

ಆಮೇಲೆ ಶೆಡ್ಡೆಲ್ಲ ನಗು. ಆದರೆ ಅದೇ ಮಧ್ಯಾಹ್ನ, ತಿಂಗಳುಗಟ್ಟಲೆ ಬಿದ್ದಿದ್ದ ಮೇಜುಗಳು ಒಳಗೆ ಬಂದವು. ಮೇಡಂ ನನ್ನ ಭುಜ ತಟ್ಟಿದರು. ಸಂಜೆ ಎಲ್ಲರನ್ನೂ ನಿಲ್ಲಿಸಿ, ಈಗ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿ ಕೈ ಮುಗಿಯೋಣ ಎಂದರು. ಹೊನ್ನೂರಮ್ಮಜ್ಜಿ ಕುರ್ಚಿಯ ಕೈ ಹಿಡಿದುಕೊಂಡುಬಿಟ್ಟಳು. 'ಕರ್ದು ಕುಂಡ್ರಿಸಿ, ಈಗ ಹೊರಗ ನಡಿ ಅಂತೀರೇನ್ರಿ? ನಿಮ್ಮ ಕಡೆ ಹಂಗ ಮಾಡ್ತಾರೇನು?' ಎಂದು ಕೇಳಿದಳು. ಮೇಡಂ ಬಲವಂತ ಮಾಡಲಿಲ್ಲ. ಜನರಿಗೆ ಅವರದೇ ಹೊತ್ತು ಬೇಕಾಗುತ್ತದೆ ಎಂದರು. ವಾರದ ಮೇಲೆ ಅವರ ರೈಲು ಹೊರಟಿತು, ಕುರ್ಚಿ ಉಳಿಯಿತು.

ಬೆಳಿಗ್ಗೆ ಮೊದಲ ಚಹಾ ಅದರ ಮುಂದೆ. ಅವ್ವ ಕುಡಿಯುತ್ತಿದ್ದ ಹಾಗೆ ಸಕ್ಕರೆ ಜಾಸ್ತಿ ಹಾಕಿ. ಮೊದಮೊದಲು ಕೆಲಸದ ಮಾತು ಮಾತ್ರ ಕೇಳುತ್ತಿದ್ದರು. ನನ್ನನ್ನು ಗಾಡಿಯಿಂದ ಇಳಿಸಿ ಕೂರಿಸುವುದು, ಕೇಳುವುದು, ನಾನು ಹೇಳುವುದು. ಒದ್ದೆ ಹಣ್ಣು ವಾಪಸು ಕಳಿಸಿ ಎಂದೆ, ಕಳಿಸಿದರು. ಆಮೇಲೆ ಮನೆಯ ಮಾತು ಬಂತು. ಮಗಳನ್ನು ಹಡಗಲಿಗೆ ಕೊಡಬೇಕೋ ಬೇಡವೋ, ಗಂಡ ಮಾತು ಬಿಟ್ಟಿದ್ದಾನೆ ಏನು ಮಾಡಲಿ. ನಾನು ಪ್ರತಿ ಸಲವೂ ಹೇಳಿದ್ದೇನೆ ಅಕ್ಕಾ, 'ಇದು ಅವ್ವ ಅಲ್ಲ, ನಾನ. ಅವ್ವ ಏನಂತಿದ್ಲು ಅಂತ ಲೆಕ್ಕ ಹಾಕಿ ಹೇಳಾಕತ್ತೀನಿ.' ಶಿವಬಸಮ್ಮ ಪಕ್ಕದವಳಿಗೆ, 'ಮೈಮ್ಯಾಲ ಬಂದೋರೆಲ್ಲ ಹಂಗ ಅಂತಾರ' ಎಂದಳು. ಸುಳ್ಳು ಹೇಳಿದ್ದರೆ ನಂಬುತ್ತಿರಲಿಲ್ಲವೇನೋ. ನಾನು ಖರೆ ಹೇಳಿದಷ್ಟೂ ಅವರಿಗೆ ನಂಬಿಕೆ ಹೆಚ್ಚಿತು.

ನಿನಗೆ ಮುಚ್ಚಿಡುವುದಿಲ್ಲ. ನನಗೂ ಭಯವಾಗತೊಡಗಿತ್ತು. ಬೆಳಿಗ್ಗೆ ಏಳುವಾಗ ಸೊಂಟ ಹಿಡಿದುಕೊಂಡು ಏಳುತ್ತಿದ್ದೆ, ನನಗೆ ಸೊಂಟನೋವಿಲ್ಲ. ಚಹಾಕ್ಕೆ ನಾನೂ ಸಕ್ಕರೆ ಜಾಸ್ತಿ ಹಾಕಿಕೊಳ್ಳುತ್ತಿದ್ದೆ. ಒಂದು ದಿನ ಹೊನ್ನೂರಮ್ಮಜ್ಜಿ ಕೆಮ್ಮುತ್ತ ಕೂತಿದ್ದಳು. 'ಎದ್ದು ಬಿಸಿನೀರು ಕುಡಿಯೇ ಬೆಳ್ಳಕ್ಕಿ' ಎಂದೆ. ಅಜ್ಜಿ ಕೈಯಲ್ಲಿದ್ದ ಹುಣಸೆ ಕೆಳಗೆ ಬಿತ್ತು. ಚಿಕ್ಕ ವಯಸ್ಸಿನಲ್ಲಿ ಇಬ್ಬರೂ ಕಟ್ಟಿಗೆಗೆ ಹೋಗುವಾಗ ಅವ್ವ ಅವಳನ್ನು ಹಾಗೆ ಕರೆಯುತ್ತಿದ್ದಳಂತೆ, ಮದುವೆಯಾದ ಮೇಲೆ ಎಂದೂ ಕರೆದಿಲ್ಲವಂತೆ. ಆ ಹೆಸರು ನನಗೆ ಎಲ್ಲಿಂದ ಬಂತು? ಅವ್ವ ಮನೆಯಲ್ಲಿ ಯಾವಾಗಲಾದರೂ ಅಂದಿದ್ದು ಕಿವಿಗೆ ಬಿದ್ದಿರಬಹುದು. ಬಿದ್ದಿರಲೇಬೇಕು. ನೀನು ಕೇಳಿದ ನೆನಪಿದ್ದರೆ ನನಗೆ ಬರೆ. ನೆನಪಿಲ್ಲದಿದ್ದರೆ ನನ್ನ ಸಮಾಧಾನಕ್ಕೆಂದು ಕೇಳಿದ್ದೆ ಎನ್ನಬೇಡ.

ಅತ್ತೆ ಬಂದು ನೋಡಿ ನಿನಗೆ ಸುದ್ದಿ ಮುಟ್ಟಿಸಿದ್ದು ಆ ದಿನಗಳಲ್ಲೇ. ನನಗೆ ನಿಂಬೆಹಣ್ಣು ಮಂತ್ರಿಸಿ ಕೊಟ್ಟು ಹೋದಳು, ನಾನು ಶರಬತ್ತು ಮಾಡಿ ಕುಡಿದೆ.

ಸುಗ್ಗಿ ಮುಗಿಯುತ್ತ ಬಂತು. ಮೇಜು ಬಂದಿದ್ದವು, ಅಧ್ಯಕ್ಷೆ ಆಗಿರಲಿಲ್ಲ. ಕಂಪನಿಯವರು ಕೊನೆಯ ಮಾತು ಹೇಳಿದರು. ಸಭೆ ಕರೆದು ಒಬ್ಬರನ್ನು ಆರಿಸಿ ಎಂದರೆ ಹೆಂಗಸರು, 'ನಾವು ಆರಿಸೋದೇನೈತಿ? ಪಂಪಕ್ಕ ಯಾರ ಹೆಸರು ಹೇಳ್ತಾಳೋ ಅವರು' ಎಂದರು. ಹೆಸರು ಹೇಳುವವನು ನಾನು. ನಾನು ಮೇಡಂಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡು, 'ನಾನು ಓದಿದ್ದರಲ್ಲೆಲ್ಲ ಕುರ್ಚಿ ಖಾಲಿ ಆಗೋ ದಾರಿ ಇತ್ತು, ತುಂಬಿಕೊಳ್ಳೋದು ಇರಲಿಲ್ಲ. ನಾನು ಅಷ್ಟು ಬೇಗ ಹೊರಡಬಾರದಿತ್ತು. ಈಗ ಬರಲಾ?' ಎಂದರು. ಬಂದರೆ ಹೆಂಗಸರು ನಿಮ್ಮನ್ನೂ ಕುರ್ಚಿಯ ಮುಂದೆ ಕೂರಿಸುತ್ತಾರೆ, ನಾವೇ ನೋಡಿಕೊಳ್ಳುತ್ತೇವೆ ಎಂದೆ.

ಸಭೆಯ ಹಿಂದಿನ ದಿನ ಜಂಬಕ್ಕ ನನ್ನ ಗಾಡಿ ಹತ್ತಿ ಪಕ್ಕದಲ್ಲಿ ಕೂತಳು. ನೀಲಗುಂದಕ್ಕೆ ಹೋಗುವುದಿದೆ, ಬಿಡು ಎಂದಳು. ಅಲ್ಲಿ ಅವಳಿಗೆ ಏನೂ ಕೆಲಸವಿರಲಿಲ್ಲ. ಅರ್ಧ ದಾರಿಯವರೆಗೆ ಬಿಸಿಲು, ಅರಿವೆ, ಮೊಮ್ಮಗಳು ಎಂದು ಮಾತಾಡಿ ಕೊನೆಗೆ ಹೇಳಿದಳು.

'ನಾಳಿ ನನ್ನ ಹೆಸರು ಹೇಳಪ್ಪ.'

ನಾನು ಗಾಡಿ ಬದಿಗೆ ನಿಲ್ಲಿಸಿದೆ.

'ನನಗ ಆಸೆ ಇಲ್ಲ ಅನ್ನಂಗಿಲ್ಲ, ಐತಿ. ಆದ್ರ ಅದಕ್ಕ ಅಷ್ಟ ಅಲ್ಲ. ಕೆಲಸ ನನಗ ಗೊತ್ತೈತಿ. ನನ್ನ ಬಿಟ್ರ ಸಂಘ ಒಡಿತೈತಿ. ಒಂದ ಮಾತು. ಅಕೀ ಬಾಯಾಗಿಂದ ಬಂದ್ರ ಯಾರೂ ಇಲ್ಲ ಅನ್ನಂಗಿಲ್ಲ.'

'ಅವ್ವ ಹಂಗ ಹೇಳಂಗಿಲ್ಲ ಜಂಬಕ್ಕ' ಎಂದೆ.

'ಗೊತ್ತೈತಿ ನನಗ' ಎಂದಳು. 'ಇಷ್ಟು ವರ್ಷ ಪಕ್ಕದಾಗ ಕುಂತೀನಿ. ಒಂದಿನ ಬೀರುವಿನ ಕೀಲಿ ಕೈಯಾಗ ಕೊಟ್ಟಾಕಿ ಅಲ್ಲ. ಜ್ವರ ಬಂದ್ರೂ ಸೆರಗಿಗೆ ಕಟ್ಟಿಕೊಂಡ ಮಲಗಾಕಿ.' ಆಮೇಲೆ ನನ್ನ ಕಡೆ ತಿರುಗಿ, 'ಸುಳ್ಳು ಹೇಳಾಕ ಬರಂಗಿಲ್ಲ ನಿನಗ. ಅದಕ್ಕ ಸಾಲಿಯಾಗ ಮಾಸ್ತರ ಜೋಡಿ ಜಗಳಾಡಿ ಬಿಟ್ಟಿ, ಹೋಟ್ಲು ಬಿಟ್ಟಿ, ಎಲ್ಲಾ ಬಿಟ್ಟಿ. ಈಗ ಈ ಸಂಘಾನೂ ಮುರದು ಬಿಡು' ಎಂದಳು. ಗಾಡಿ ತಿರುಗಿಸು ಎಂದಳು.

ಸುಳ್ಳು ಹೇಳುವುದು ಸುಲಭವಿತ್ತು ಅಕ್ಕಾ. ಜಂಬಕ್ಕ ತಕ್ಕವಳೇ. ಆದರೆ ಅವ್ವನ ಬಾಯಿಂದ ಹೆಸರು ಬಂದರೆ, ನಾಳೆ ಅವಳನ್ನು ಇಳಿಸುವುದಕ್ಕೂ ಅವ್ವನೇ ಬರಬೇಕು. ಆಮೇಲೆ ನಾನು ಆ ಕುರ್ಚಿಯಿಂದ ಏಳುವುದು ಯಾವಾಗ?

ಸಭೆಗೆ ಎಲ್ಲರೂ ಮಿಂದು, ಒಗೆದ ಸೀರೆ ಉಟ್ಟು ಬಂದಿದ್ದರು. ಕುರ್ಚಿಗೆ ಮಲ್ಲಿಗೆ ಹಾಕಿದ್ದರು. ಕೂತೆ. ಹೊನ್ನೂರಮ್ಮಜ್ಜಿ ಕೈ ಮುಗಿದು ಕೇಳಿದಳು, 'ನಿನ್ನ ಜಾಗದಾಗ ಯಾರನ್ನ ಕುಂಡ್ರಿಸೋಣವ್ವಾ?'

ಅವ್ವ ಏನನ್ನುತ್ತಿದ್ದಳೋ ಅದನ್ನೇ ಹೇಳಿದೆ. 'ಯಾರೂ ಬ್ಯಾಡ. ನಾ ಅದೀನಲ್ಲ.'

ಯಾರೋ ಅತ್ತರು. ಶಿವಬಸಮ್ಮ 'ನಾ ಅಂದಿದ್ನಲ್ಲ, ಅಕೀ ಇಲ್ಲೇ ಅದಾಳ' ಎಂದಳು. ಎಲ್ಲರ ಮುಖದಲ್ಲೂ ಒಂದು ಸಮಾಧಾನ ಬಂತು. ನನಗೆ ಅತ್ಯಂತ ಭಯ ಹುಟ್ಟಿಸಿದ್ದು ಆ ಸಮಾಧಾನ. ಸಂಘ ಮುಳುಗುತ್ತಿದ್ದರೂ ಅವರಿಗೆ ಹಾಯೆನಿಸಿತ್ತು. ನಾನು ಎದ್ದು ಬಂದು ಅವರ ಸಾಲಿನಲ್ಲಿ ನಿಂತು, ಖಾಲಿ ಕುರ್ಚಿಯನ್ನು ನೋಡುತ್ತ ಹೇಳಿದೆ, 'ಅಕೀ ಹಂಗ ಅಂತಾಳ. ಜೀವ ಇದ್ದಾಗಲೂ ಹಂಗ ಅಂತಿದ್ಲು. ಹೋಗಿ ಮಳಿಗಾಲ ಆತು, ಇನ್ನೂ ನಾ ಅದೀನಿ ಅಂತಾಳ. ಅಕೀ ಮಾತು ನಾ ಹೇಳಿದೆ. ಇನ್ನ ಅಕೀಗೆ ಉತ್ತರ ನೀವು ಹೇಳ್ರಿ. ನಾ ಮತ್ತ ಅದರಾಗ ಕುಂಡ್ರಂಗಿಲ್ಲ.'

ಜಂಬಕ್ಕ ಎದ್ದಳು. ಕುರ್ಚಿಯ ಮುಂದೆ ನಿಂತಳು. ಜಗಳಕ್ಕೆ ನಿಂತ ಹಾಗೆಯೇ ನಿಂತಿದ್ದಳು, ದನಿ ಮಾತ್ರ ಮೆತ್ತಗಿತ್ತು.

'ನೀ ಇಲ್ಲ ಪಂಪಕ್ಕ' ಎಂದಳು. 'ನೀ ಇಲ್ಲ. ನಾವು ಅದೀವಿ.'

ಮಲ್ಲಿಗೆ ತೆಗೆದು ತನ್ನ ತುರುಬಿಗೆ ಮುಡಿದುಕೊಂಡಳು. ಗೋಣಿಚೀಲ ತೆಗೆದು ಪಕ್ಕಕ್ಕಿಟ್ಟಳು, ಅವಳಿಗೆ ಸೊಂಟನೋವಿಲ್ಲ. ಕೂತಳು. ಕುರ್ಚಿ ಕಿರ್ರೆಂದಿತು. ಸಿಡಿಲು ಬೀಳುತ್ತದೆಂಬಂತೆ ಎಲ್ಲರೂ ಕಾದರು. ಜಂಬಕ್ಕ ನನ್ನ ಕಡೆ ನೋಡಿ, 'ಲೇ ಹುಲುಗೇಶ, ಕೂಡ್ಲಿಗಿ ಲೋಡು ನಾಳಿ ಎಷ್ಟೊತ್ತಿಗೆ ಬರ್ತೈತಿ?' ಎಂದಳು. ಅವ್ವನ ದನಿಯಲ್ಲಿ ಅಲ್ಲ, ಅವಳದೇ ದನಿಯಲ್ಲಿ. ಹೊತ್ತು ಏರುವುದರೊಳಗೆ ತರುತ್ತೇನೆ ಎಂದೆ. ಹೊನ್ನೂರಮ್ಮಜ್ಜಿ ಎದ್ದು ಹೊರಗೆ ಹೋದಳು. ಇನ್ನು ಬರುವುದಿಲ್ಲ ಎಂದುಕೊಂಡೆವು. ಸ್ವಲ್ಪ ಹೊತ್ತಿನ ಮೇಲೆ ಚಹಾ ತಂದು ಎಲ್ಲರಿಗೂ ಕೊಟ್ಟಳು, ಜಂಬಕ್ಕನಿಗೆ ಕೊನೆಗೆ, ಮುಖ ನೋಡದೆ. ಆದರೆ ಕೊಟ್ಟಳು.

ಈಗ ಸಂಘ ನಡೆಯುತ್ತಿದೆ. ಜಂಬಕ್ಕ ತಪ್ಪು ಮಾಡುತ್ತಾಳೆ, ಹೆಂಗಸರು ಎದುರಿಗೇ ಬೈಯುತ್ತಾರೆ, ಅವಳೂ ಬೈಯುತ್ತಾಳೆ. ಮೇಡಂ ಇದನ್ನೆಲ್ಲ ತಮ್ಮ ಸಂಶೋಧನೆಯಲ್ಲಿ ಬರೆಯಬಹುದೇ ಎಂದು ಕೇಳಿದರು. ತಾವು ಬೇಗ ಹೊರಟದ್ದನ್ನೂ ಬರೆಯುವುದಾದರೆ ಬರೆಯಿರಿ ಎಂದೆ, ಅದನ್ನೇ ಮೊದಲು ಬರೆಯುತ್ತೇನೆ ಎಂದರು. ಹೊಸಪೇಟೆಗಾಗಲಿ ಬೇರೆಲ್ಲಿಗಾಗಲಿ ಓಡಿಹೋಗುವ ಮನಸ್ಸು ಸದ್ಯಕ್ಕಿಲ್ಲ. ಆಮೇಲಿನದು ಗೊತ್ತಿಲ್ಲ.

ಮಾವನಿಗೆ ನಮಸ್ಕಾರ. ನಿನ್ನ ಅತ್ತೆಗೂ. ಮಗನ ಕಿವಿಗೆ ಗಾಳಿ ತಾಗದಂತೆ ನೋಡಿಕೋ, ಅವನು ಚೆನ್ನಾಗಿ ಬೆಳೆಯಲಿ, ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ತಮ್ಮ,
ಹುಲುಗೇಶ

ಮರೆತ ಮಾತು: ಮರೆತಿಲ್ಲ, ಬರೆಯಲಾಗಿರಲಿಲ್ಲ. ಸಭೆಗೆ ಮೊದಲು, ಹೆಂಗಸರೆಲ್ಲ ಉಣ್ಣಲು ಹೋದ ಮಧ್ಯಾಹ್ನ, ನಾನೊಬ್ಬನೇ ಆ ಕುರ್ಚಿಯ ಎದುರು ನೆಲದ ಮೇಲೆ ಕೂತಿದ್ದೆ. ನನಗೂ ಒಂದು ಮಾತು ಕೇಳುವುದಿತ್ತು. ನೀನು ಬಂದು ಮುಟ್ಟುವ ಮೊದಲು ಆಸ್ಪತ್ರೆಯಲ್ಲಿ ಅವ್ವ ಕೊನೆಯವರೆಗೂ ಮಾತಾಡುತ್ತಲೇ ಇದ್ದಳು. ಜಂಬಕ್ಕನ ಹೆಸರು ಹೇಳಿದಳು, ಹೊನ್ನೂರಮ್ಮನ ಹೆಸರು, ಶಿವಬಸಮ್ಮನ ಹೆಸರು, ನಿನ್ನ ಹೆಸರು, ನಿನ್ನ ಮಗನ ಹೆಸರು. ನಾನು ಕೈ ಹಿಡಿದುಕೊಂಡೇ ಕೂತಿದ್ದೆ. ನನ್ನ ಹೆಸರು ಹೇಳಲಿಲ್ಲ. ಯಾಕೆ ಎಂದು ಕೇಳಿದೆ. ಊರಿಗೆಲ್ಲ ಅವ್ವ ಏನನ್ನುತ್ತಾಳೆ ಎಂದು ನನಗೆ ಗೊತ್ತಿತ್ತು ಅಕ್ಕಾ, ಕೇಳಿದ ಕೂಡಲೇ ಬಾಯಿಗೆ ಬರುತ್ತಿತ್ತು. ಅವತ್ತು ನಾನು ಕೇಳುವ ಕಡೆ ಕೂತಿದ್ದೆ, ಆ ಕಡೆ ಕೂತು ಹೇಳುವವರು ಯಾರೂ ಇರಲಿಲ್ಲ. ಎದ್ದು ಹೋಗಿ ಕುರ್ಚಿಯಲ್ಲಿ ಕೂತೂ ನೋಡಿದೆ. ಏನೂ ಬರಲಿಲ್ಲ.